ಹೊರಡುವುದಲ್ಲ, ನಿಲ್ಲುವುದು ಮುಖ್ಯ

ಆಲ್ ವೀಲ್ ಡ್ರೈವ್ ಎಸ್‌ಯುವಿ ಇದ್ದರೆ ಹಿಮದಲ್ಲೂ ಪರ್ಫಾರ್ಮೆನ್ಸ್ ಟೈರ್ (ವೇಗದ ಓಟಕ್ಕೆ ಮಾಡಿದ ಬೇಸಿಗೆ ಟೈರ್) ಸಾಕು ಎಂದು ಬರೆದಿದ್ದೀರಿ. ಇದನ್ನು ಒಪ್ಪಲಾರೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಗಾಡಿ ಸಲೀಸಾಗಿ ಹೊರಡುತ್ತದೆ, ಅಷ್ಟೇ. ನಿಲ್ಲಿಸುವಾಗ, ತಿರುಗಿಸುವಾಗ ಹಿಡಿತ ಕೊಡಬೇಕಾದ್ದು ಟೈರ್ ಅಲ್ವಾ? ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಿಮವನ್ನು ಕಚ್ಚಿ ಹಿಡಿಯುವ ಸಣ್ಣ ಸೀಳುಗಳೂ ಅದರಲ್ಲಿ ಹೆಚ್ಚಾಗಿ ಇರುವುದಿಲ್ಲ. ಎರಡು ಟನ್ ತೂಕ ಇಳಿಜಾರಿನಲ್ಲಿ ಜಾರತೊಡಗಿದರೆ ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಎಲ್ಲಿಂದ ಹಿಡಿತ ತಂದೀತು? ನಾನೂ ಒಮ್ಮೆ ಹಾಗೇ ನಂಬಿ ಹೊರಟೆ. ಬ್ರೇಕ್ ಒತ್ತಿದರೂ ಗಾಡಿ ಕೂಡುರಸ್ತೆಯ ನಡುವಿಗೆ ಹೋಗಿ ನಿಂತಿತು. ಎದುರಿನಿಂದ ಯಾರೂ ಬರಲಿಲ್ಲ, ಪುಣ್ಯ. ದಯವಿಟ್ಟು ಆ ಸಾಲು ತಿದ್ದಿ. ಟೈರಿನ ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು, ಅಂದರೆ ಹಿಮಕ್ಕೆ ತಕ್ಕ ಟೈರ್ ಎಂಬ ಗುರುತು, ನೋಡಿ ಖರೀದಿಸಲು ಹೇಳಿ.