ಆ ಕಾಗದ ಅಂಚೆಯಲ್ಲಿ ಬಂದಿದ್ದರೆ ಆಗ್ತಿರಲಿಲ್ವಾ?

ಮನೆ ಜಾಗದ ಹಕ್ಕುಪತ್ರ ಅಂತ ಒಂದು ಕಾಗದ ಕೊಡಲಿಕ್ಕೆ ಎಷ್ಟು ಜನ ಬೇಕು ಮಾರಾಯ್ರೇ?

ಇವತ್ತು ನಮ್ಮೂರ ಸಭಾಭವನದಲ್ಲಿ ಕುಳಿತು ಇದನ್ನೇ ಎಣಿಸುತ್ತಿದ್ದೆ. ಬೇರೆ ಕೆಲಸವೂ ಇರಲಿಲ್ಲ. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಶಾಸಕರು ಬಂದದ್ದು ಹನ್ನೆರಡೂವರೆ ದಾಟಿದ ಮೇಲೆ. ದಾರಿಯಲ್ಲಿ ಅವರಿಗೊಂದು ಗುದ್ದಲಿ ಪೂಜೆ ಇತ್ತಂತೆ. ಅದಾದ ಮೇಲೆ ಯಾವುದೋ ಶಾರದೋತ್ಸವದ ಆಮಂತ್ರಣ ಪತ್ರಿಕೆ ಬಿಡುಗಡೆ. ಅಷ್ಟು ಹೊತ್ತೂ ಮೈಕಿನವರು "ಇನ್ನೇನು ಕೆಲವೇ ಕ್ಷಣಗಳಲ್ಲಿ" ಎಂದು ಹೇಳುತ್ತಲೇ ಇದ್ದರು. ವೇದಿಕೆಯಲ್ಲಿ ಎರಡು ಸಾಲು ಕುರ್ಚಿ. ಹಿಂದಿನ ಸಾಲಿನಲ್ಲಿ ಕುಳಿತವರು ಯಾರೆಂದು ನಿರೂಪಕರಿಗೇ ಗೊತ್ತಿಲ್ಲ, ಪ್ರತಿ ಹೆಸರಿಗೂ ಚೀಟಿ ನೋಡಬೇಕು. ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಾಗದ ಪಡೆಯುವವರು. ಮುಕ್ಕಾಲು ಪಾಲು ಅರುವತ್ತು ದಾಟಿದವರು.

ಕಾರ್ಯಕ್ರಮದ ಹೆಸರು ಕೇಳಿ: ಹಕ್ಕುಪತ್ರ ಹಾಗೂ ವಿವಿಧ ಸವಲತ್ತುಗಳ ವಿತರಣೆ ಮತ್ತು ಸಾರ್ವಜನಿಕ ಅಹವಾಲು ಸ್ವೀಕಾರ ಸಮಾರಂಭ. ಬ್ಯಾನರ್‌ನಲ್ಲಿ ಇಷ್ಟು ಉದ್ದ ಬರೆದ ಮೇಲೂ ಶಾಸಕರ ಫೋಟೋಗೆ ಅರ್ಧ ಜಾಗ ಉಳಿದಿತ್ತು. ಅಚ್ಚು ಹಾಕಿದವನು ಜಾಣ.

ನಾನು ಅಲ್ಲಿ ಯಾಕಿದ್ದೆ ಎಂದು ನನ್ನನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಸೊಸೈಟಿಯ ಕೆಲಸದಿಂದ ನಿವೃತ್ತಿಯಾದರೂ ಅರ್ಜಿ ಬರೆದುಕೊಡುವ ಚಾಳಿ ಬಿಟ್ಟಿಲ್ಲ. ಕೆಳಮನೆ ಅಕ್ಕನ 94ಸಿ ಅರ್ಜಿ ಬರೆದದ್ದೂ ನಾನೇ. ಅಕ್ಕ ಅಂದರೆ ಬೀಡಿ ಕಟ್ಟಿಯೇ ಎರಡು ಮಕ್ಕಳನ್ನು ದಡ ಸೇರಿಸಿದವರು. ಪರಂಬೋಕು, ಅಂದರೆ ಸರ್ಕಾರಿ ಜಾಗದಲ್ಲಿ ಹಂಚಿನ ಮನೆ. ಹಂಚು ಅಂತ ಹೆಸರಿಗೆ, ಈ ಮಳೆಗಾಲದಲ್ಲಿ ಅರ್ಧ ಮಾಡಿಗೆ ಟರ್ಪಾಲೇ ಗತಿ.

94ಸಿ ಎಂದರೆ ಎಂತ ಎಂದು ಪೇಟೆಯ ಸ್ನೇಹಿತರು ಕೇಳಬಹುದು. ಹಳ್ಳಿಯಲ್ಲಿ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿ ಕುಳಿತವರಿಗೆ ಆ ಅಡಿಸ್ಥಳವನ್ನು ಸಕ್ರಮ ಮಾಡಿಕೊಡುವ ಕಲಂ ಅದು, ಭೂಕಂದಾಯ ಕಾಯ್ದೆಯಲ್ಲಿ ಉಂಟು. ಪೇಟೆಯ ಕಡೆಗಾದರೆ 94ಸಿಸಿ. ಗ್ರಾಮಕರಣಿಕರು ಸ್ಥಳ ನೋಡುತ್ತಾರೆ, ವರದಿ ಹೋಗುತ್ತದೆ, ಶುಲ್ಕ ಕಟ್ಟುತ್ತೇವೆ, ತಹಶೀಲ್ದಾರರು ಸಹಿ ಹಾಕುತ್ತಾರೆ. ಇದರಲ್ಲಿ ಶಾಸಕರ ಕೆಲಸ ಎಲ್ಲಿ ಬಂತು? ಬರುವುದಿಲ್ಲ. ಕೃಷಿ ಜಮೀನಿನ ಅಕ್ರಮ ಸಕ್ರಮವಾದರೆ ಸರಿ, ಫಾರಂ 57ರ ಅರ್ಜಿಗಳನ್ನು ನೋಡುವ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅಲ್ಲಿ ಕುಳಿತು ಅವರು ಕಡತ ನೋಡಲಿ, ಬೇಡ ಅಂದವರು ಯಾರು? ಆ ಸಭೆ ಯಾವಾಗ ಕರೆಯುತ್ತಾರೆ ಎಂದು ಕೇಳಿದರೆ ಮಾತ್ರ ಉತ್ತರ ಇಲ್ಲ. ಫೋಟೋಗೆ ಸಿಗದ ಸಭೆ ಅದು.

ಈಗ ವಿಷಯಕ್ಕೆ ಬರುತ್ತೇನೆ.

ಶಾಸಕರು ಬಂದರು. ಹಾರ, ಶಾಲು, ಅಡಿಕೆ ಹೂವಿನ ಹಿಂಗಾರ ಅರಳಿಸಿ ಉದ್ಘಾಟನೆ. ಸ್ವಾಗತ ಭಾಷಣವೇ ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ "ಸಾಂಕೇತಿಕವಾಗಿ" ಹತ್ತು ಮಂದಿಗೆ ವೇದಿಕೆಯಲ್ಲೇ ಹಕ್ಕುಪತ್ರ ಕೊಡುವುದು ಎಂದಾಯಿತು. ನಮ್ಮ ಅಕ್ಕನ ಹೆಸರೂ ಕರೆದರು. ಅಕ್ಕ ಸೀರೆ ಸೆರಗು ಸರಿ ಮಾಡಿಕೊಂಡು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಶಾಸಕರು ಒಂದು ಪ್ಲಾಸ್ಟಿಕ್ ಫೈಲ್ ಕೊಟ್ಟರು. ಫೋಟೋದವನು "ಅಜ್ಜೀ ಈಚೆ ನೋಡಿ" ಅಂದ. ಅಕ್ಕ ನೋಡಿದರು. ಅವನಿಗೆ ಸರಿ ಬರಲಿಲ್ಲ. ಫೈಲನ್ನು ಸ್ವಲ್ಪ ಮೇಲೆ ಹಿಡಿಯಲಿಕ್ಕೆ ಹೇಳಿದ. ಹಿಡಿದರು.

ಕೆಳಗೆ ಬಂದು ನನ್ನ ಕೈಗೆ ಕೊಟ್ಟರು. ಬಿಡಿಸಿ ನೋಡಿದರೆ ಬೇರೆ ಯಾರದ್ದೋ ಹಕ್ಕುಪತ್ರ! ಗ್ರಾಮವೂ ಬೇರೆ, ಸರ್ವೆ ನಂಬ್ರವೂ ಬೇರೆ. ನಾನು ಎದ್ದು ಹೋಗಿ ಕೇಳಿದೆ. "ಅದು ಫೋಟೋಗೆ ಅಮ್ಮ, ನಿಮ್ಮದನ್ನು ಆಚೆ ಟೇಬಲ್‌ನಲ್ಲಿ ಸಹಿ ಮಾಡಿ ತೆಗೆದುಕೊಳ್ಳಿ" ಎಂದರು. ಹೇಳಿದ ಹುಡುಗನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಪಾಪ, ಅವನಿಗೂ ಬೆಳಗ್ಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ ಅಂತ ಕಾಣ್ತದೆ.

ಆಚೆ ಟೇಬಲ್‌ನಲ್ಲಿ ಸರತಿ ನಿಂತು ನಿಜವಾದ ಕಾಗದ ಪಡೆದೆವು. ಸಹಿಯ ಕೆಳಗಿನ ದಿನಾಂಕ ನೋಡಿ ನನಗೆ ಮಂಡೆಬಿಸಿ ಏರಿತು. ಪತ್ತನಾಜೆಗೂ, ಅಂದರೆ ಮಳೆಗಾಲಕ್ಕೂ ಮೊದಲು ಸಹಿ ಬಿದ್ದಿದೆ. ಈಗ ಚೌತಿಯೂ ಕಳೆದಿದೆ. ಇಡೀ ಮಳೆಗಾಲ ಆ ಕಾಗದ ಯಾವುದೋ ಕಪಾಟಿನಲ್ಲಿ ಬೆಚ್ಚಗೆ ಕುಳಿತಿತ್ತು. ಎಂತಕ್ಕೆ? ಶಾಸಕರ ದಿನಾಂಕ ಸಿಕ್ಕಿಲ್ಲ ಎಂಬುದಕ್ಕೆ.

ಐದು ರೂಪಾಯಿಯ ಅಂಚೆಚೀಟಿ ಸಾಕಿತ್ತು. ನಮ್ಮ ಪೋಸ್ಟ್‌ಮ್ಯಾನ್‌ಗೆ ಅಕ್ಕನ ಮನೆ ಕಣ್ಣು ಮುಚ್ಚಿದರೂ ಗೊತ್ತು.

"ಸ್ವಲ್ಪ ತಡ ಆದರೆ ಏನಾಯ್ತು, ಸಿಕ್ಕಿತಲ್ಲ" ಎನ್ನುವ ಮಹಾನುಭಾವರು ಇದ್ದೇ ಇರುತ್ತಾರೆ, ನನ್ನ ಫ್ರೆಂಡ್ ಲಿಸ್ಟ್‌ನಲ್ಲೂ ಇದ್ದಾರೆ. ಏನಾಯ್ತು ಎಂದು ಹೇಳುತ್ತೇನೆ ಕೇಳಿ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಪಂಚಾಯತ್‌ನಲ್ಲಿ ಗ್ರಾಮಸಭೆ ಆಯಿತು. ಮನೆ ಕಟ್ಟಲಿಕ್ಕೆ ಸರ್ಕಾರ ಸಹಾಯಧನ ಕೊಡುವ ಬಸವ ವಸತಿ ಯೋಜನೆಗೆ ಹೆಸರು ಆರಿಸುವುದು ಗ್ರಾಮಸಭೆಯಲ್ಲೇ. ಅಕ್ಕ ಮಳೆಯಲ್ಲಿ ಕೊಡೆ ಹಿಡಿದು ಹೋಗಿದ್ದರು. "ಜಾಗದ ದಾಖಲೆ ಎಲ್ಲುಂಟು?" ಎಂದು ಕೇಳಿದರು. "ಆಗಿದೆ ಅಂತ ಹೇಳಿದ್ದಾರೆ, ಕಾಗದ ಕೈಗೆ ಬಂದಿಲ್ಲ" ಎಂದು ಅಕ್ಕ ಹೇಳಿದರು. ದಾಖಲೆ ಇದ್ದವರ ಹೆಸರು ಪಟ್ಟಿಗೆ ಹೋಯಿತು. ಅಕ್ಕನ ಹೆಸರು ಹೋಗಲಿಲ್ಲ. ಅವತ್ತು ಆ ಕಾಗದಕ್ಕೆ ಸಹಿಯೂ ಆಗಿತ್ತು, ಸೀಲೂ ಬಿದ್ದಿತ್ತು. ಒಂದು ಫೋಟೋ ಬಾಕಿ ಇತ್ತು ಅಷ್ಟೇ.

ಯಾರೂ ಲಂಚ ಕೇಳಲಿಲ್ಲ, ಯಾರೂ ಬೈಯಲಿಲ್ಲ. ಎಲ್ಲರೂ ನಗುತ್ತಲೇ ಇದ್ದರು. ಅದೇ ನನಗೆ ಜಾಸ್ತಿ ಸಿಟ್ಟು.

ಸಕಾಲ ಎಂಬ ಕಾಯ್ದೆ 2011ರಲ್ಲಿ ಬಂತು. ಇದೇ ವಿಧಾನಸಭೆಯೇ ಮಾಡಿದ್ದು. ಸರ್ಕಾರಿ ಸೇವೆಗಳಿಗೆ ಇಂತಿಷ್ಟು ದಿನ ಎಂದು ಗಡುವು, ತಡ ಮಾಡಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಒಳ್ಳೆಯ ಕಾಯ್ದೆ, ನಾನೇ ಎಷ್ಟೋ ಜನರಿಗೆ ಸಕಾಲ ನಂಬ್ರ ಹಿಡಿದುಕೊಂಡು ಹೋಗಿ ಕೇಳಿ ಎಂದು ಕಳಿಸಿದ್ದೇನೆ. ಆದರೆ ಕಾಗದ ರೆಡಿಯಾದ ಮೇಲೆ ಶಾಸಕರ ದಿನಾಂಕಕ್ಕೆ ಕಾಯುವ ಕಾಲವನ್ನು ಯಾವ ಲೆಕ್ಕದಲ್ಲಿ ಹಿಡಿಯುವುದು? ಆಫೀಸಿನ ಪುಸ್ತಕದಲ್ಲಿ ಕೆಲಸ ಮುಗಿದಿದೆ. ಅಕ್ಕನ ಕೈ ಖಾಲಿ.

ಅಲ್ಲಿ ಒಂದು ಕಿರುಹೊತ್ತಗೆಯನ್ನೂ ಹಂಚಿದರು. ಹೊಳೆಯುವ ಕಾಗದ, ಬಣ್ಣದ ಅಚ್ಚು, ಶಾಸಕರ ಸಾಧನೆ. ಕಾಂಕ್ರೀಟ್ ರಸ್ತೆ, ತಡೆಗೋಡೆ, ಹೈಮಾಸ್ಟ್ ದೀಪ, ಆರೋಗ್ಯ ಶಿಬಿರ, ಉಚಿತ ಕನ್ನಡಕ, ಮತ್ತೆ ಕಾಂಕ್ರೀಟ್ ರಸ್ತೆ. ಶಾಸಕರ ಅನುದಾನ ವರ್ಷಕ್ಕೆ 2 ಕೋಟಿ ಉಂಟು, ಅದು ಖರ್ಚಾಗಬೇಕಾದ್ದೇ. ಪುಟ ಮಗುಚುತ್ತಾ ನಾನು ಒಂದನ್ನೇ ಹುಡುಕಿದೆ: ಸದನದಲ್ಲಿ ನೀವು ಏನು ಕೇಳಿದಿರಿ, ಮಂತ್ರಿ ಏನು ಹೇಳಿದರು? ಮಂತ್ರಿ ಸದನದಲ್ಲೇ ಎದ್ದು ಉತ್ತರ ಹೇಳಬೇಕಾದ ಚುಕ್ಕೆ ಗುರುತಿನ ಪ್ರಶ್ನೆ ಕೇಳಲಿಕ್ಕೆ ಇಡೀ ಕ್ಷೇತ್ರದಲ್ಲಿ ಅಧಿಕಾರ ಇರುವುದು ಒಬ್ಬರಿಗೇ. ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆ ಸೇರಿ ನಾವು ಕಳಿಸುವುದು ಹದಿಮೂರು ಮಂದಿಯನ್ನು. ಹೊತ್ತಗೆಯಲ್ಲಿ ಬೆಳಗಾವಿಯ ಸುವರ್ಣಸೌಧದ ಮುಂದೆ ನಿಂತ ಫೋಟೋ ಉಂಟು. ಒಳಗೆ ಹೋಗಿ ಎಂತ ಮಾಡಿದರು ಎಂದು ಇಲ್ಲ. ರೀಲ್‌ನಲ್ಲೂ ಹಾಗೆಯೇ, ಹಿಂದಿನಿಂದ ಹುಲಿವೇಷದ ತಾಸೆ, ಶಾಸಕರು ಗುಡುಗುವುದು, ಅಲ್ಲಿಗೆ ಕಟ್. ಮಂತ್ರಿಯ ಉತ್ತರ ಬರುವಷ್ಟರಲ್ಲಿ ರೀಲ್ ಮುಗಿದಿರುತ್ತದೆ.

ನಮಗೆ ಬೇಕಾದ ಸುದ್ದಿ ಬೇರೆಯೇ ಉಂಟು ಸ್ವಾಮಿ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮಂಗಳೂರು ಉಡುಪಿ ಕಡೆ ಹೆಚ್ಚಿನ ರೂಟಿನಲ್ಲಿ ಓಡುವುದೇ ಖಾಸಗಿ ಬಸ್ಸು. ಅಕ್ಕ ಇವತ್ತು ಸಭೆಗೆ ಬಂದದ್ದೂ ಟಿಕೆಟ್ ಕೊಟ್ಟೇ. ನಮ್ಮ ರೂಟಿಗೆ ಒಂದು ಸರ್ಕಾರಿ ನರ್ಮ್ ಬಸ್ಸಾದರೂ ಬರುವುದು ಯಾವಾಗ? ಕೇಳಿದ್ದೀರಾ? ಪಂಚಾಯತ್ ಖಾತೆಯ ನಮೂನೆ 9/11 ಆಗದೆ ಮನೆ ಸಾಲ ಸಿಗದೆ ಎಷ್ಟು ಜನ ಕುಳಿತಿದ್ದಾರೆ, ಆ ನಿಯಮ ಈಗ ಎಲ್ಲಿಗೆ ಬಂತು? ಇದನ್ನು ಅರ್ಧ ಪುಟದಲ್ಲಿ ಬರೆದು ಹಾಕಿದ್ದರೆ ಹೊತ್ತಗೆಯನ್ನು ನಾನು ಇಟ್ಟುಕೊಳ್ಳುತ್ತಿದ್ದೆ. ಈಗ ಅದು ಮೊಮ್ಮಗನ ಕೈಯಲ್ಲಿ ದೋಣಿ ಆಗಿದೆ.

ಒಂದು ವಾದ ಉಂಟು, ಅದನ್ನೂ ಹೇಳಿಬಿಡುತ್ತೇನೆ. ಮಧ್ಯಾಹ್ನ ನನ್ನ ಭಾವ ಫೋನಿನಲ್ಲಿ ಹೇಳಿದ್ದು: ಎಲ್ಲರ ಎದುರಿನಲ್ಲಿ ಕೊಟ್ಟರೆ ಬ್ರೋಕರ್‌ಗಳ ಆಟ ನಡೆಯುವುದಿಲ್ಲ, ಯಾರಿಗೆ ಸಿಕ್ಕಿತು ಎಂದು ಊರಿಗೇ ಗೊತ್ತಾಗುತ್ತದೆ. ಮತ್ತೊಂದು, ಜಿಲ್ಲಾ ಪಂಚಾಯತ್ ತಾಲೂಕು ಪಂಚಾಯತ್ ಸದಸ್ಯರೇ ಇಲ್ಲದಾಗ ಜನ ಎಲ್ಲದಕ್ಕೂ ಶಾಸಕರ ಮನೆಗೇ ಹೋಗುತ್ತಾರೆ, ಅವರಾದರೂ ಏನು ಮಾಡಿಯಾರು?

ಎರಡನೆಯ ಮಾತಿನಲ್ಲಿ ಸತ್ಯ ಉಂಟು. 2016ರಲ್ಲಿ ಚುನಾವಣೆ ಆಗಿ ಬಂದವರ ಅವಧಿ 2021ಕ್ಕೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ದರ್ಬಾರು. ಮಂಗಳೂರು ಪಾಲಿಕೆಯ ಅವಧಿಯೂ 2025ರ ಫೆಬ್ರವರಿಗೆ ಮುಗಿಯಿತು. ಚರಂಡಿ ಕಟ್ಟಿಕೊಂಡರೂ ಶಾಸಕರಿಗೇ ಫೋನು. ಆದರೆ ಭಾವ, ಹಾಗಾದರೆ ಇದ್ದ ಹೊತ್ತು ಇನ್ನಷ್ಟು ಉಳಿಸಬೇಕಲ್ವಾ? ಒಂದು ಅಂಚೆಚೀಟಿಯ ಕೆಲಸಕ್ಕೆ ತಹಶೀಲ್ದಾರರು, ಅವರ ಸಿಬ್ಬಂದಿ, ಅಂಗನವಾಡಿ ಟೀಚರ್‌ಗಳು, ಶಾಸಕರು ಎಲ್ಲ ಸೇರಿ ಅರ್ಧ ದಿನ ಕಳೆಯುವುದಾ? ಬ್ರೋಕರ್ ವಿಷಯ ಮಾತ್ರ ಹೇಳಬೇಡಿ. ನಮ್ಮೂರಿನಲ್ಲಿ ಕಡತ "ಮುಂದೆ ತಳ್ಳಿಕೊಡುವ" ಪುಣ್ಯಾತ್ಮರು ಇವತ್ತು ಎರಡನೇ ಸಾಲಿನಲ್ಲಿ ಶಾಲು ಹೊದ್ದು ಕುಳಿತಿದ್ದರು. ಯಾರಿಗೆ ಸಿಕ್ಕಿತು ಎಂದು ಊರಿಗೆ ಗೊತ್ತಾಗಬೇಕಾದರೆ ಪಂಚಾಯತ್ ನೋಟೀಸ್ ಬೋರ್ಡಿನಲ್ಲಿ ಪಟ್ಟಿ ಅಂಟಿಸಿ. ಅಂಟಿಗೆ ಎಷ್ಟು ಖರ್ಚು?

ಯಾವ ಪಕ್ಷದ ಶಾಸಕರು ಎಂದು ಕೆದಕಬೇಡಿ. ನಾನು ಈ ಶಾಸಕರಿಗೇ ಓಟು ಹಾಕಿದವಳು. ಮನುಷ್ಯ ಕೆಟ್ಟವರಲ್ಲ. ನಮ್ಮ ಮನೆಯವರಿಗೆ ಆಪರೇಷನ್ ಆದಾಗ ಮುಖ್ಯಮಂತ್ರಿ ಪರಿಹಾರ ನಿಧಿಗೆ ಪತ್ರ ಕೊಟ್ಟವರು ಇವರೇ. ಮುಂದಿನ ಸಲವೂ ಹಾಕಿದರೂ ಹಾಕಿಯೇನು. ಹಿಂದಿನವರೂ ಇದನ್ನೇ ಮಾಡುತ್ತಿದ್ದರು, ಮುಂದೆ ಬರುವವರೂ ಇದೇ ಹಿಂಗಾರ ಅರಳಿಸುತ್ತಾರೆ.

ಇಷ್ಟಕ್ಕೆ ಇವಳಿಗೆ ಯಾಕೆ ಇಷ್ಟು ಸಿಟ್ಟು ಎಂದು ಅನಿಸಿದರೆ, ಕಾರಣ ನಮ್ಮ ಅಪ್ಪ. ಅಪ್ಪ ಚಾಲಗೇಣಿ ಒಕ್ಕಲು. ಗೇಣಿ ಅಕ್ಕಿಯ ಮುಡಿ ಹೊತ್ತು ಧಣಿಗಳ ಅಂಗಳದಲ್ಲಿ ನಿಂತು ಕಾದವರು, ಅವರು ಊಟ ಮುಗಿಸಿ ಹೊರಗೆ ಬರುವ ತನಕ. ಉಳುವವನಿಗೇ ಜಾಗ ಎಂಬ 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ಆ ಜಾಗ ಕೇಳಿ ಫಾರಂ 7 ತುಂಬಿಸಿದರು. ಆಗ ದೇವರಾಜ ಅರಸು ಅವರ ಸರ್ಕಾರ, ಭೂಸುಧಾರಣೆಯ ಮಂತ್ರಿ ನಮ್ಮ ಸುರತ್ಕಲ್‌ನ ಸುಬ್ಬಯ್ಯ ಶೆಟ್ಟರು. ಅಪ್ಪ ಟ್ರಿಬ್ಯೂನಲ್ ಎದುರು ಹೋಗಿ ನಿಂತು ಹೇಳಿಕೆ ಕೊಟ್ಟರು. ಆದೇಶ ಆಯಿತು, ಕಾಗದ ಬಂತು, ಅಪ್ಪ ಅದನ್ನು ಟ್ರಂಕಿನ ತಳದಲ್ಲಿ ಇಟ್ಟರು. ಅರಸು ಅವರನ್ನಾಗಲಿ ಶೆಟ್ಟರನ್ನಾಗಲಿ ಅಪ್ಪ ಹತ್ತಿರದಿಂದ ನೋಡಿದ್ದೇ ಇಲ್ಲ. ಅವರ ಜೊತೆ ಒಂದು ಫೋಟೋ ಇಲ್ಲ. ನಾನು ಓದಿದ್ದು, ಸೊಸೈಟಿಗೆ ಸೇರಿದ್ದು, ಈಗ ಇಲ್ಲಿ ಕುಳಿತು ಫೇಸ್‌ಬುಕ್‌ನಲ್ಲಿ ಗುರುಗುಟ್ಟುವುದು ಎಲ್ಲ ಆ ಜಾಗದ ಬೆಳೆಯಿಂದಲೇ. ಶಾಸಕರು ಜನರಿಗೆ ಮಾಡಬಹುದಾದ ದೊಡ್ಡ ಕೆಲಸ ಹೇಗಿರುತ್ತದೆ ಎಂದು ನಮ್ಮ ಮನೆಯಲ್ಲೇ ನೋಡಿದ್ದೇನೆ. ಅದಕ್ಕೇ ಕೆಳಮನೆ ಅಕ್ಕ ಇವತ್ತು ಫೈಲ್ ಮೇಲೆ ಹಿಡಿದು ನಿಂತದ್ದನ್ನು ನೋಡಲಿಕ್ಕೆ ಆಗಲಿಲ್ಲ. ಧಣಿಗಳ ಅಂಗಳ ನೆನಪಾಯಿತು. ಜಾಸ್ತಿ ಮಾತಾಯಿತೇನೋ, ಇರಲಿ, ಅಳಿಸುವುದಿಲ್ಲ.

ಅಂದ ಹಾಗೆ ಅಕ್ಕನಿಗೆ ಇದು ಯಾವುದೂ ಬೇಜಾರಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನನ್ನೇ ಸಮಾಧಾನ ಮಾಡಿದರು. "ಬಿಡು ಮಗಾ, ಗೋಳಿಬಜೆ ಲಾಯ್ಕ ಇತ್ತು" ಎಂದರು. ಫೋಟೋ ಪೇಪರಿನಲ್ಲಿ ಬಂದರೆ ಕತ್ತರಿಸಿ ಇಡಬೇಕಂತೆ.

ಈಗ ಆಗಬೇಕಾದ್ದು: ಹಕ್ಕುಪತ್ರ ಪಹಣಿಗೆ ಏರಬೇಕು, ಮುಂದಿನ ಗ್ರಾಮಸಭೆಗೆ ಮೊದಲು ವಸತಿಯ ಅರ್ಜಿ ಪಂಚಾಯತ್‌ಗೆ ಕೊಟ್ಟು ಹಿಂಬರಹ ತೆಗೆದುಕೊಳ್ಳಬೇಕು. ನಾಳೆ ಬೆಳಿಗ್ಗೆ ಅಕ್ಕ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ಬರುತ್ತಾರೆ. ಪಂಚಾಯತ್‌ನಲ್ಲಿ ಕೆಲಸ ಮಾಡುವ ಸ್ನೇಹಿತರು ಯಾರಾದರೂ ಇದನ್ನು ಓದಿದರೆ, ಬಸವ ವಸತಿಯ ಈಗಿನ ಅರ್ಜಿ ನಮೂನೆಯನ್ನು ದಯವಿಟ್ಟು ನನಗೆ ವಾಟ್ಸಾಪ್ ಮಾಡಿ. ನಂಬ್ರ ಹಳೆಯದೇ. ಶುಭೋದಯದ ಫೋಟೋ ಬೇಡ, ನಮೂನೆ ಸಾಕು.