ಸ್ಪಷ್ಟನೆ: ಸೋಗಾನೆಯಿಂದ (ಶಿವಮೊಗ್ಗ ವಿಮಾನ ನಿಲ್ದಾಣ) ಬೆಂಗಳೂರು ಅರ್ಧ ಗಂಟೆಯ ದಾರಿಯಲ್ಲ

‘ಶಿವಮೊಗ್ಗದಿಂದ ಬೆಂಗಳೂರಿಗೆ 300 ಕಿಲೋಮೀಟರ್, ವಿಮಾನದಲ್ಲಿ ಅರ್ಧ ಗಂಟೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ನಾನೂ ನೆಂಟರ ಗುಂಪಿಗೆ ಅದನ್ನು ಕಳುಹಿಸಿದ್ದೆ, ಕ್ಷಮೆ ಇರಲಿ.

300 ಎಂಬುದು ರಸ್ತೆಯ ಲೆಕ್ಕ. ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ಅಳೆದರೆ ನೇರ ದೂರ ಸುಮಾರು 240 ಕಿಲೋಮೀಟರ್. ಎಟಿಆರ್ ಎಂಬ ಪ್ರೊಪೆಲ್ಲರ್‌ನ ಸಣ್ಣ ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರ್ ಹಾರುತ್ತದೆ, ಭಾಗಿಸಿದರೆ ಅರ್ಧ ಗಂಟೆ ಬರುವುದೂ ನಿಜ. ಆದರೆ ಆ ವೇಗ ಎತ್ತರಕ್ಕೇರಿದ ಮೇಲಿನದು. ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವುದು ಎಲ್ಲ ಸೇರಿ ವೇಳಾಪಟ್ಟಿಯಲ್ಲೇ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಇಟ್ಟಿರುತ್ತಾರೆ. ಮಳೆಗಾಲದ ಮೋಡ ಕವಿದರೆ ಇನ್ನೂ ತಡ. ಇಳಿಯುವುದೂ ದೇವನಹಳ್ಳಿಯಲ್ಲಿ; ಮೆಜೆಸ್ಟಿಕ್‌ಗೆ ಮತ್ತೆ 35 ಕಿಲೋಮೀಟರ್ ರಸ್ತೆ.

ಬೆಂಗಳೂರಿನಲ್ಲಿ ವೈದ್ಯರ ಭೇಟಿಗೆ ಹೊರಟವರು ಟಿಕೆಟ್‌ನಲ್ಲಿರುವ ಸಮಯವನ್ನೇ ನಂಬಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ.