ಒಂದು ವರದಿ ಸತ್ತಾಗ ಲಾಗ್ ಯಾಕೆ ಮುಚ್ಚಿತು?

ಪರ್ಲ್ ಎಂದೊಡನೆ ನಗುವವರು ನನ್ನ ಬಳಗದಲ್ಲಿದ್ದಾರೆ. ನಗಲಿ. 1987ರಲ್ಲಿ ಹುಟ್ಟಿದ ಆ ಪ್ರೋಗ್ರಾಮಿಂಗ್ ಭಾಷೆ ಈ ತಿಂಗಳೂ ನನಗೆ ಅನ್ನ ಹಾಕಿದೆ.

ಕಳೆದ ವಾರ ಹಳೆಯ ಕೋಡ್ ಒಂದು ಕೈಗೆ ಬಂತು. ಮೊದಲ ವರದಿ ಮುಗಿದ ಮೇಲೆ ಉಳಿದ ವರದಿಗಳ ಒಂದು ಸಾಲೂ ಲಾಗ್‌ನಲ್ಲಿ, ಅಂದರೆ ಪ್ರೋಗ್ರಾಂ ನಡೆದದ್ದನ್ನು ಬರೆದಿಡುವ ಫೈಲ್‌ನಲ್ಲಿ, ಕಾಣುತ್ತಿರಲಿಲ್ಲ. ಎರಡು ದಿನ ಹುಡುಕಿದೆ. ವರದಿಯ ಕ್ಲಾಸ್ (ಆಬ್ಜೆಕ್ಟ್‌ಗಳನ್ನು ಮಾಡುವ ಅಚ್ಚು) ತನಗೆ ಗೊತ್ತಿಲ್ಲದ ಮೆಥಡ್‌ಗಳನ್ನೆಲ್ಲ (ಆಬ್ಜೆಕ್ಟ್ ಮಾಡುವ ಕೆಲಸಗಳು) ಆಟೋಲೋಡ್ ಎಂಬ ಪರ್ಲ್ ಸೌಲಭ್ಯದ ಮೂಲಕ ಲಾಗ್ ಬರೆಯುವ ಲಾಗರ್‌ಗೆ ದಾಟಿಸುತ್ತಿತ್ತು. ಆ ಕ್ಲಾಸ್‌ಗೆ ತನ್ನದೇ ಡಿಸ್ಟ್ರಾಯ್, ಅಂದರೆ ಆಬ್ಜೆಕ್ಟ್ ಸಾಯುವಾಗ ಓಡುವ ಮೆಥಡ್, ಇರಲಿಲ್ಲ. ಹಾಗಾಗಿ ವರದಿಯ ಆಬ್ಜೆಕ್ಟ್ ಸಾಯುವಾಗ ಪರ್ಲ್ ಕರೆದ ಡಿಸ್ಟ್ರಾಯ್ ಕೂಡ ನೇರ ಲಾಗರ್‌ಗೆ ಹೋಯಿತು, ಲಾಗರ್ ವಿಧೇಯವಾಗಿ ಫೈಲ್ ಮುಚ್ಚಿತು. ಒಬ್ಬನ ಮರಣಪತ್ರ ಇನ್ನೊಬ್ಬನ ಮನೆಗೆ ತಲುಪಿದ ಹಾಗೆ!

'ಲಾಗರ್‌ನಿಂದ ಇನ್‌ಹೆರಿಟ್ ಮಾಡಿಬಿಡಿ' ಎಂದರು ಸಹೋದ್ಯೋಗಿ. ಅಂದರೆ ವರದಿಯನ್ನು ಲಾಗರ್‌ನದೇ ಒಂದು ಬಗೆಯಾಗಿಸಿ ಅದರ ಮೆಥಡ್‌ಗಳನ್ನು ಪಡೆಯುವುದು. ವರದಿಗೆ ಲಾಗರ್ ಬೇಕು, ನಿಜ. ಆದರೆ ವರದಿಯೇ ಲಾಗರ್ ಅಲ್ಲವಲ್ಲ.

ಪರ್ಲ್‌ನಲ್ಲಿ ಕ್ಲಾಸ್ ಬರೆಯಲು ನೆರವಾಗುವ ಮೂಸ್ ಅನ್ನು ನಾನು ಹಿಡಿದೆ. ಸ್ಟೀವನ್ ಲಿಟಲ್ 2006ರಲ್ಲಿ ಹೊರತಂದ ಈ ಮಾಡ್ಯೂಲ್‌ನಲ್ಲಿ ಆಟ್ರಿಬ್ಯೂಟ್‌ನ (ಆಬ್ಜೆಕ್ಟ್ ತನ್ನೊಳಗೆ ಇಟ್ಟುಕೊಳ್ಳುವಂಥದ್ದು, ಇಲ್ಲಿ ಲಾಗರ್) 'ಹ್ಯಾಂಡಲ್ಸ್'ಗೆ, ಅಂದರೆ ಅದಕ್ಕೆ ಏನೇನು ದಾಟಿಸಬೇಕೆಂದು ಹೇಳುವ ಜಾಗಕ್ಕೆ, ಮೆಥಡ್‌ಗಳ ಪಟ್ಟಿಯ ಬದಲು ಒಂದು ರೋಲ್‌ನ (ಕ್ಲಾಸ್‌ಗಳು ಸೇರಿಸಿಕೊಳ್ಳಬಹುದಾದ ಮೆಥಡ್‌ಗಳ ಗುಂಪು) ಹೆಸರನ್ನೇ ಕೊಡಬಹುದು. ರೋಲ್‌ನಲ್ಲಿರುವ ಮೆಥಡ್‌ಗಳು, ಅದು 'ರಿಕ್ವೈರ್ಸ್' ಎಂದು ಕೇಳುವ ಮೆಥಡ್‌ಗಳು, ಎಲ್ಲವೂ ಲಾಗರ್‌ಗೆ ಹೋಗುತ್ತವೆ. ರೋಲ್‌ನಲ್ಲಿಲ್ಲದ್ದು ಹೋಗುವುದಿಲ್ಲ. ಅದೇ ಹೆಸರಿನ ಮೆಥಡ್ ಕ್ಲಾಸ್‌ನಲ್ಲಿ ಮೊದಲೇ ಇದ್ದರೆ ಮೂಸ್ ಸುಮ್ಮನೆ ಅದರ ಮೇಲೆ ಬರೆಯದೆ ದೋಷ ಎತ್ತುತ್ತದೆ. ನಾಳೆ ರೋಲ್‌ಗೆ 'ಡೀಬಗ್' ಸೇರಿಸಿದರೆ ಅದನ್ನು ಬಳಸುವ ಎಲ್ಲ ಕ್ಲಾಸ್‌ಗಳಿಗೂ ತಾನಾಗಿ ಬರುತ್ತದೆ. ಇಷ್ಟಿದ್ದೂ ಎಲ್ಲಕ್ಕೂ ಹೊಂದುವ ರೆಗೆಕ್ಸ್ (ಹೆಸರುಗಳನ್ನು ಹೊಂದಿಸುವ ಮಾದರಿ) ಕೊಟ್ಟು ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಆಟೋಲೋಡ್‌ನ ತಮ್ಮ, ಅಷ್ಟೆ.

ಒಂದು ಕಡೆ ನಾನೂ ಎಡವಿದೆ. 'ಹ್ಯಾಂಡಲ್ಸ್' ಕೆಲಸವನ್ನು ದಾಟಿಸುತ್ತದೆ, ಆದರೆ ಕ್ಲಾಸ್ ಆ ರೋಲ್‌ಗೆ ಸೇರುವುದಿಲ್ಲ. ಆ ರೋಲ್‌ಗೆ ಸೇರಿದೆಯೇ ಎಂದು 'ಡಸ್' ಮೂಲಕ ಕೇಳಿದರೆ ಇಲ್ಲ ಎಂಬ ಉತ್ತರವೇ. ಸೇರಬೇಕಾದರೆ 'ವಿತ್' ಬೇರೆಯಾಗಿ ಬರೆಯಬೇಕು, ಅದೂ ಆಟ್ರಿಬ್ಯೂಟ್ ಘೋಷಿಸುವ 'ಹ್ಯಾಸ್' ಸಾಲಿನ ನಂತರ. ಮೊದಲೇ ಬರೆದರೆ ದಾಟಿಸುವ ಮೆಥಡ್‌ಗಳು ಇನ್ನೂ ಹುಟ್ಟಿರುವುದಿಲ್ಲ, ರೋಲ್ ಜಗಳ ತೆಗೆಯುತ್ತದೆ. ಇದಕ್ಕೇ ನನ್ನ ಅರ್ಧ ಗಂಟೆ ಹೋಯಿತು. ಹೀಗೆ ಬಳಸುವ ರೋಲ್‌ನಲ್ಲಿ 'ರಿಕ್ವೈರ್ಸ್' ಮಾತ್ರ ಇರಲಿ ಎಂಬುದು ನನ್ನ ಹಟ. ಕೋಡ್ ತುಂಬಿದರೆ ಯಾವ ಮೆಥಡ್ ಎಲ್ಲಿಂದ ಓಡುತ್ತಿದೆ ಎಂದು ಮತ್ತೆ ಹುಡುಕಬೇಕು.

2023ರ 5.38 ಆವೃತ್ತಿಯಲ್ಲಿ ಪರ್ಲ್‌ಗೆ ತನ್ನದೇ 'ಕ್ಲಾಸ್' ಬಂತು, ರೋಲ್ ಬರಲಿಲ್ಲ. ಹಾಗಾಗಿ ಮೂಸ್ ಅನ್ನು ಸದ್ಯಕ್ಕೆ ಬಿಡಲಾರೆ. ಇವತ್ತು ಬೆಳಿಗ್ಗೆ ಲಾಗ್ ತೆರೆದೆ. ಕೊನೆಯ ವರದಿಯ ಸಾಲೂ ಇತ್ತು.